ಮಗು ಇನ್ನೂ ಹಾಸಿಗೇಲಿ ಉಚ್ಚೆ ಮಾಡ್ಕೊಳ್ತಿದ್ಯಾ? ಹೀಗೆ ಮಾಡಿ ನೋಡಿ

ಮೊದಲು ಬೈಯೋದು ನಿಲ್ಸಿ, ಅದೇನು ಬೇಕೂಂತ ಮಾಡ್ತಿಲ್ಲ. 5 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15, 7 ವರ್ಷಕ್ಕೆ 10ರ ಆಸುಪಾಸು, 10 ವರ್ಷಕ್ಕೂ ಒಂದು 5 ಮಕ್ಕಳು ಹೀಗೇ, ಅಂದ್ರೆ ಕ್ಲಾಸಲ್ಲಿ ಇನ್ನೂ ಇಬ್ರು ಮೂವರು ಇದ್ದೇ ಇರ್ತಾರೆ, ಯಾರೂ ಬಾಯ್ಬಿಡಲ್ಲ ಅಷ್ಟೆ. ಅಪ್ಪ ಅಮ್ಮಂಗೆ ಚಿಕ್ಕೋರಿದ್ದಾಗ ಇತ್ತಾ? ಅಜ್ಜೀನ ಕೇಳಿ, ಗುಟ್ಟು ರಟ್ಟಾಗತ್ತೆ!

ಹಗಲೆಲ್ಲ ನೀರು ಚೆನ್ನಾಗಿ ಕುಡಿಸಿ, ಮಲಗೋ ಮುಂಚೆ ಒಂದೆರಡು ಗಂಟೆ ಕಮ್ಮಿ ಮಾಡಿ, ದಿಂಬಿಗೆ ತಲೆ ಕೊಡೋ ಮುಂಚೆ ಒಂದ್ಸಲ ಬಾತ್ರೂಮು. ಮಲಬದ್ಧತೆ ಇದ್ರೆ ಅದನ್ನ ಮೊದಲು ಸರಿಮಾಡಿ, ತುಂಬಿದ ಕರುಳು ಮೂತ್ರಚೀಲಾನ ಒತ್ತತ್ತೆ, ಇದು ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ. ಬೆಡ್‌ಶೀಟ್ ಕೆಳಗೊಂದು ರಬ್ಬರ್ ಶೀಟ್, ಪಕ್ಕದಲ್ಲಿ ಒಣ ಚಡ್ಡಿ ಇಟ್ಬಿಡಿ. 6 ತಿಂಗಳು ನಿಂತಿದ್ದು ಮತ್ತೆ ಶುರುವಾದ್ರೆ, ಉರಿ ಅಥವಾ ವಿಪರೀತ ಬಾಯಾರಿಕೆ ಇದ್ರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರ್ಸಿ.