ತೊಟ್ಟಿನಿಂದ ಶುರುವಾದ ಗೆರೆ

ಮೊದಲೆಲ್ಲ ನಾನು ಎಲೆ ಬಿಡಿಸುವಾಗ ಸುತ್ತಲಿನ ಅಂಚನ್ನೇ ಮೊದಲು ಎಳೆಯುತ್ತಿದ್ದೆ. ಆಮೇಲೆ ಒಳಗೆ ನರಗಳನ್ನು ತುಂಬುತ್ತಿದ್ದೆ. ಅಳತೆ ಸರಿಯಾಗಿಯೇ ಇರುತ್ತಿತ್ತು. ಆದರೂ ಕತ್ತರಿಸಿ ಅಂಟಿಸಿದ ಕಾಗದದ ಹಾಗೆ ಕಾಣುತ್ತಿತ್ತು. ಎಷ್ಟೋ ಹಾಳೆಗಳು ಮುಗಿದ ಮೇಲೆ ಒಂದು ದಿನ ಕ್ರಮವನ್ನೇ ತಿರುಗಿಸಿದೆ. ತೊಟ್ಟಿನ ಹತ್ತಿರ ಪೆನ್ಸಿಲನ್ನು ಒತ್ತಿ ಹಿಡಿದೆ. ತುದಿಯ ಕಡೆ ಹೋಗುತ್ತಾ ಹೋಗುತ್ತಾ ಕೈ ಹಗುರ ಮಾಡಿದೆ. ನಡುನರದಿಂದ ಪಕ್ಕದ ನರಗಳು, ಅವುಗಳಿಂದ ಇನ್ನೂ ಸಣ್ಣವು. ಅಂಚನ್ನು ಕೊನೆಗೆ, ನರಗಳು ಮುಗಿಯುವಲ್ಲಿ ಸುಮ್ನೆ ಮುಟ್ಟಿಸಿದೆ. ಆ ಎಲೆ ಹಾಳೆಯ ಮೇಲೇ ಬೆಳೆದಂತಿತ್ತು.

ಈಗ ಏನು ಬಿಡಿಸುವುದಿದ್ದರೂ, ಇದು ಎಲ್ಲಿಂದ ಬೆಳೆಯಿತು ಅಂತ ಮೊದಲು ನೋಡುತ್ತೇನೆ. ಕೆಲವೊಮ್ಮೆ ಊಹೆ ತಪ್ಪುತ್ತದೆ. ಸೂರ್ಯಕಾಂತಿಯ ನಡುವಿನಿಂದ ಶುರು ಮಾಡಿ, ಉಂಗುರದ ಮೇಲೆ ಉಂಗುರ ಹಾಕುತ್ತಾ ಬಂದಿದ್ದೆ. ಚಿತ್ರ ಸತ್ತಂತಾಯಿತು. ನಿಜವಾಗಿ ಅದು ಅಂಚಿನಿಂದ ಒಳಕ್ಕೆ ಅರಳುತ್ತದೆ. ಅದರೊಳಗಿನ ಕಿರುಹೂಗಳಲ್ಲಿ ಎಲ್ಲಕ್ಕಿಂತ ಎಳೆಯವು ನಡುವೆ ಇರುತ್ತವೆ. ಒಂದಾದ ಮೇಲೆ ಹುಟ್ಟುವ ಇನ್ನೊಂದು ಸುಮಾರು 137.5 ಡಿಗ್ರಿ ತಿರುಗಿ ಕೂರುತ್ತದೆ. ಹಾಗಾಗಿ ಉಂಗುರಗಳಲ್ಲ, ಎರಡು ದಿಕ್ಕಿಗೆ ತಿರುಗುವ ಸುರುಳಿಗಳು ಕಾಣುತ್ತವೆ. ಎಷ್ಟೋ ಹೂಗಳಲ್ಲಿ ಒಂದು ಕಡೆಗೆ 34, ಇನ್ನೊಂದು ಕಡೆಗೆ 55. ಅಷ್ಟನ್ನೂ ಎಣಿಸಿ ಬಿಡಿಸಬೇಕಿಲ್ಲ. ಎರಡೂ ದಿಕ್ಕಿನ ಕೆಲವು ಸುರುಳಿಗಳನ್ನು ಗಟ್ಟಿ ಸೀಸದ 2ಎಚ್ ಪೆನ್ಸಿಲಿನಲ್ಲಿ ತೆಳುವಾಗಿ ಹಾಕಿಕೊಂಡು, ಅವು ಕೂಡುವಲ್ಲಿ ಬೀಜ ಇಡುತ್ತೇನೆ. ನಡುವಿಗೆ ಬಂದಂತೆ ಚಿಕ್ಕದಾಗಿಸುತ್ತೇನೆ. ಅಷ್ಟಕ್ಕೇ ಹೂವಿಗೆ ಜೀವ ಬರುತ್ತದೆ.

ವಾಟರ್ ಕಲರ್‌ಗೆ 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದವನ್ನೇ ಬಳಸುತ್ತೇನೆ. ತೆಳು ಕಾಗದ ನೀರು ಜಾಸ್ತಿಯಾದರೆ ಉಬ್ಬುತ್ತದೆ.

ಒಮ್ಮೆ ಬಂಡೆಯ ಚಿತ್ರದ ಬೂದು ಬಣ್ಣ ಇನ್ನೇನು ಒಣಗಬೇಕು, ಅಷ್ಟರಲ್ಲಿ ಬ್ರಶ್‌ನಿಂದ ನೀರಿನ ಹನಿ ಬಿತ್ತು. ಹನಿ ಬಣ್ಣವನ್ನು ಹೊರಕ್ಕೆ ತಳ್ಳುತ್ತಾ ಹೋಯಿತು. ಮಧ್ಯೆ ತಿಳಿ, ಅಂಚಿನಲ್ಲಿ ಗಾಢವಾದ ನೆರಿಗೆ. ಚಿತ್ರ ಕೆಟ್ಟಿತು ಅಂತ ಬೇಜಾರಾಯಿತು. ಮರುದಿನ ನೋಡಿದರೆ ಅದು ಥೇಟ್ ಕಲ್ಲುಹೂವು! ಬಂಡೆಯ ಮೇಲಿನ ಕಲ್ಲುಹೂವು ಕೂಡ ಹೀಗೇ ನಡುವಿನಿಂದ ಸುತ್ತಲೂ ಹಬ್ಬುತ್ತದೆ ಅಲ್ವಾ? ಈಗ ಬೇಕೆಂದೇ ಹನಿ ಬಿಡುತ್ತೇನೆ. ಹಾಳೆಯ ಮೇಲಿನ ಹೊಳಪು ಹೋಗಿರಬೇಕು, ಮುಟ್ಟಿದರೆ ಇನ್ನೂ ತಂಪು ಇರಬೇಕು. ಬೇಗ ಬಿಟ್ಟರೆ ಹನಿ ಕರಗಿಹೋಗುತ್ತದೆ, ತಡವಾದರೆ ಅಂಚು ಹಬ್ಬುವುದೇ ಇಲ್ಲ. ಹನಿ ಬಿಟ್ಟ ಮೇಲೆ ಬ್ರಶ್ ಕೆಳಗಿಟ್ಟು, ಅದು ಹಬ್ಬುವುದನ್ನು ನೋಡುತ್ತಾ ಕೂರುತ್ತೇನೆ.