ತಟ್ಟೆಗಿಂತ ಮೊದಲು ದಾರ ಹಿಡಿಯಿರಿ: ಮಗುವಿನ ಊಟ ಸರಿಮಾಡುವುದು ಹೇಗೆ?

ಪುಣೆಗೆ ಬಂದ ಹೊಸದರಲ್ಲಿ ನಾನು ಕಲಿತ ಮರಾಠಿ ಮಾತುಗಳಲ್ಲಿ ‘ಗುಟಗುಟೀತ’ ಒಂದು. ಕೆನ್ನೆ ತುಂಬಿಕೊಂಡು, ಕೈಕಾಲಲ್ಲಿ ಮಡಿಕೆ ಬಿದ್ದ ದುಂಡನೆಯ ಕೂಸಿಗೆ ಹಾಗೆ ಅನ್ನುತ್ತಾರೆ. ನನ್ನ ಮಗನಿಗೆ ಯಾರೂ ಹಾಗೆ ಅನ್ನಲಿಲ್ಲ. ಹುಟ್ಟಿದಾಗ ಎರಡೂವರೆ ಕಿಲೋ ಇದ್ದ. ಕೋಥರೂಡಿನ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕವರೆಲ್ಲ ‘ಬಾರೀಕ ಆಹೇ’, ಸಣಕಲ ಇದ್ದಾನೆ, ಎಂದು ಮರುಗುವವರೇ. ಧಾರವಾಡದಿಂದ ಅವ್ವ ದಿನಾ ಫೋನ್ ಮಾಡಿ, ‘ತುಪ್ಪ ಹಾಕ್ತೀ ಇಲ್ಲೋ?’ ಎಂದು ಕೇಳುತ್ತಿದ್ದಳು.

ಹಾಕಿದೆ. ಮೊಬೈಲ್ ಮುಂದಿಟ್ಟು, ಅವನು ಬಾಯಿ ತೆರೆದಾಗಲೆಲ್ಲ ತುತ್ತು ತುರುಕಿದೆ. ಐದು ವರ್ಷವಾಗುವಷ್ಟರಲ್ಲಿ ಕೈಕಾಲು ಹಾಗೇ ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ‘ಈಗ ನೋಡು, ಮೈ ಹಿಡಿದಾನ’ ಎಂದು ಎಲ್ಲರಿಗೂ ಖುಷಿ. ಮಕ್ಕಳ ಡಾಕ್ಟರಿಗೆ ಮಾತ್ರ ಖುಷಿ ಆಗಲಿಲ್ಲ. ತೆಳ್ಳಗೆ ಹುಟ್ಟಿ ಆಮೇಲೆ ಹೊಟ್ಟೆ ಬೆಳೆಸಿಕೊಂಡವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚು ಎಂದರು.

ಅವರು ಅಂದು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು, ಮನೆಯಲ್ಲಿ ಮಾಡಿ ಸೋತು ಮತ್ತೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೊತ್ತಿರಲಿ, ಯಾಕೆ ಇಷ್ಟೆಲ್ಲ

ಈ ಸಂಗತಿ ಗೊತ್ತಾಗಿದ್ದು ಬಹುಪಾಲು ನಮ್ಮ ಪುಣೆಯಿಂದಲೇ. 1993ರಲ್ಲಿ ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಸಂಗಡಿಗರು ಪುಣೆ ಹತ್ತಿರದ ಆರು ಹಳ್ಳಿಗಳ ಹೆಂಗಸರ ಊಟ, ತೂಕ, ಕೆಲಸ ಎಲ್ಲ ಬರೆದಿಡಲು ಶುರುಮಾಡಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕೆಜಿ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದ್ದು 3.5 ಕೆಜಿ. ನಮ್ಮ ಕೂಸುಗಳ ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಅಂಗಗಳೂ ಸಣ್ಣವು. ಆದರೆ ಬೆನ್ನಿನ ಚರ್ಮ ಚಿವುಟಿ ಅಳೆದರೆ ಅಲ್ಲಿನ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ! ನೋಡಲು ತೆಳ್ಳಗೆ, ಒಳಗೆ ಕೊಬ್ಬು.

ದೊಡ್ಡವರಾದ ಮೇಲೂ ಇದು ಬಿಡುವುದಿಲ್ಲ. 2004ರಲ್ಲಿ ಯಾಜ್ಞಿಕ್ ತಮ್ಮನ್ನೂ ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರನ್ನೂ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಲ್ಲಿಸಿ ತೋರಿಸಿದರು. ಎತ್ತರಕ್ಕೆ ತೂಕ ಹೋಲಿಸುವ ಬಿಎಂಐ ಇಬ್ಬರದೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು 1934ರಿಂದ ಕೂಸುಗಳ ತೂಕ ಬರೆದಿಟ್ಟಿದ್ದರು. ಆ ಹಳೇ ರಿಜಿಸ್ಟರು ಹಿಡಿದು, ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ 45 ದಾಟಿದವರಲ್ಲಿ ಒಂದು ವ್ಯತ್ಯಾಸ ಕಂಡಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಶೇ 3.

ಇನ್ನು ದೆಹಲಿಯದು. ನನ್ನ ಕಣ್ಣು ತೆರೆಸಿದ್ದು ಇದೇ. 1969ರಿಂದ 72ರ ನಡುವೆ ಅಲ್ಲಿ ಹುಟ್ಟಿದ ಮಕ್ಕಳನ್ನು ಮೂವತ್ತರ ಹತ್ತಿರ ಬರುವವರೆಗೂ ಅಳೆಯುತ್ತ ಬಂದರು. ಆ ವಯಸ್ಸಿಗೆ ಸಕ್ಕರೆ ಕಾಯಿಲೆಯ ಅಂಚಿಗೆ ಬಂದವರು ಯಾರು? ಚಿಕ್ಕಂದಿನಲ್ಲಿ ಗುಂಡಗಿದ್ದವರು ಅಂದುಕೊಂಡಿರಾ? ಅಲ್ಲ. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ವರ್ಷ ವರ್ಷ ಮೈ ತುಂಬಿಕೊಂಡವರು. ಶಾಲೆಗೆ ಹೋಗುವಾಗ ಅವರನ್ನು ಯಾರೂ ದಪ್ಪ ಎಂದಿರಲಿಕ್ಕಿಲ್ಲ. ‘ಈಗ ನೋಡು, ಮೈ ಹಿಡಿದಾನ’ ಎಂದೇ ಅಂದಿರಬೇಕು.

ಹಾಗಂತ ತೆಳ್ಳಗಿನ ಮಗುವಿಗೆ ಊಟ ಕಡಿಮೆ ಮಾಡಿ ಅಂತಲ್ಲ. ಅದು ಇನ್ನೂ ದೊಡ್ಡ ತಪ್ಪು. ಎತ್ತರ, ಮಾಂಸಖಂಡ, ಮೂಳೆಗೆ ಬೇಕಾದ್ದು ಸಿಗಬೇಕು. ಹೊಟ್ಟೆ ಸುತ್ತ ತುಂಬುವಂಥದ್ದು ಕಡಿಮೆಯಾಗಬೇಕು.

ಹೆಜ್ಜೆ 1: ದಾರ

ತೂಕದ ಯಂತ್ರ ಬಿಡಿ. ಹೊಲಿಗೆಯ ದಾರ ಅಥವಾ ಹೂವಿನ ದಾರ ತೆಗೆದುಕೊಳ್ಳಿ. ಮಗುವನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅಂಗಾಲಿನಿಂದ ನೆತ್ತಿಯವರೆಗೆ ದಾರ ಅಳೆದು ಕತ್ತರಿಸಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಈ ಮಡಚಿದ ದಾರ ಮಗುವಿನ ಹೊಟ್ಟೆ ಸುತ್ತ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸುತ್ತಿ ಬರಬೇಕು. ಮಗು ಉಸಿರು ಬಿಟ್ಟಾಗ ನೋಡಿ. ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ನಗಿಸಿ. ತುದಿಗಳು ಕೂಡಿ ಇನ್ನೂ ಉಳಿದರೆ ಚಿಂತೆಯಿಲ್ಲ. ಕೂಡದಿದ್ದರೆ ಡಾಕ್ಟರಿಗೆ ತೋರಿಸಿ.

ಲೆಕ್ಕ ಇಷ್ಟೇ. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಆರು ವರ್ಷ ದಾಟಿದವರಿಗೆ ಇದು ನಡೆಯುತ್ತದೆ. ಅದಕ್ಕಿಂತ ಚಿಕ್ಕವರಿಗೆ ಲಸಿಕೆ ಫೈಲಿನಲ್ಲಿರುವ ಬೆಳವಣಿಗೆ ಚಾರ್ಟೇ ಸಾಕು. ಅದರಲ್ಲಿ ಒಂದು ದಿನದ ಚುಕ್ಕಿ ನೋಡಬೇಡಿ, ಚುಕ್ಕಿಗಳನ್ನು ಕೂಡಿಸಿ ಗೆರೆ ನೋಡಿ. ಎತ್ತರದ ಗೆರೆ ಕುಸಿಯುತ್ತಿದ್ದರೆ ಅದು ಬೇರೆಯೇ ತೊಂದರೆ, ತಡ ಮಾಡಬಾರದು.

ಹೆಜ್ಜೆ 2: ಮೂರು ದಿನದ ಚೀಟಿ

ಎರಡು ಶಾಲೆ ದಿನ, ಒಂದು ಭಾನುವಾರ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಅಜ್ಜಿ ಕೊಟ್ಟ ಲಾಡು, ಎದುರು ಮನೆಯವರ ಬಾಕರವಡಿ (ಇಲ್ಲಿನ ಕುರುಕಲು ತಿಂಡಿ), ಸ್ಕೂಲ್ ಬಸ್ಸಿನಲ್ಲಿ ಗೆಳೆಯನ ಚಿಪ್ಸು, ಎಲ್ಲ. ಏನನ್ನೂ ಬದಲಿಸಬೇಡಿ, ಸುಮ್ನೆ ಬರೆಯಿರಿ. ನಮ್ಮ ಚೀಟಿಯಲ್ಲಿ ಊಟ ಮೂರು ಸಲ ಇತ್ತು, ‘ಖಾವು’, ಅಂದರೆ ನಡುನಡುವಿನ ತಿಂಡಿ, ಏಳು ಸಲ. ಹಸಿವೆಯೇ ಆಗದ ಮಗು ಊಟಕ್ಕೆ ಕೂತಾಗ ಮುಖ ತಿರುಗಿಸುತ್ತದೆ. ನಾವು ಮೊಬೈಲ್ ಕೊಡುತ್ತೇವೆ.

ಹೆಜ್ಜೆ 3: ಕುಡಿಯುವುದರಿಂದ ಶುರುಮಾಡಿ

ತಟ್ಟೆಗೆ ಕೈ ಹಾಕುವ ಮೊದಲು ಲೋಟ ಸರಿಮಾಡಿ. ಇದು ಸುಲಭ, ಲಾಭವೂ ಜಾಸ್ತಿ. ಕುಡಿದ ಸಕ್ಕರೆಯಿಂದ ಹೊಟ್ಟೆ ತುಂಬಿದ ಹಾಗೆ ಆಗುವುದಿಲ್ಲ. ಮಗು ಊಟವನ್ನೂ ಮಾಡುತ್ತದೆ, ಅದೂ ಮೈಗೆ ಸೇರುತ್ತದೆ.

ಅಮೆರಿಕದ ಹೃದ್ರೋಗ ಸಂಘ 2016ರಲ್ಲಿ ಕೊಟ್ಟ ಲೆಕ್ಕ ನೆನಪಿಡಲು ಸುಲಭ. ಎರಡು ವರ್ಷದವರೆಗೆ ಮೇಲಿಂದ ಹಾಕುವ ಸಕ್ಕರೆ ಬೇಡವೇ ಬೇಡ. ಅಲ್ಲಿಂದ 18ರವರೆಗೆ ದಿನಕ್ಕೆ 25 ಗ್ರಾಂ ಒಳಗೆ, ಅಂದರೆ ಚಹಾ ಚಮಚದಲ್ಲಿ ಸುಮಾರು ಆರು. 300 ಮಿ.ಲೀ. ಕೋಲಾದಲ್ಲಿ ಮೂವತ್ತು ಗ್ರಾಂ ಹತ್ತಿರ ಇರುತ್ತದೆ. ಒಂದೇ ಬಾಟಲಿಗೆ ದಿನದ ಕೋಟಾ ಮುಗಿದು ಮೇಲೆ ಸಾಲ! ಬೆಲ್ಲ, ಜೇನು ಹಾಕಿದರೆ ಪರವಾಗಿಲ್ಲ ಅನ್ನುವವರಿದ್ದಾರೆ. ಅವೂ ಇದೇ ಲೆಕ್ಕಕ್ಕೆ ಬರುತ್ತವೆ.

ಹಾಲಿಗೆ ಬೆರೆಸುವ ಪುಡಿಗಳ ಬಗ್ಗೆ ನನಗೆ ಸಿಟ್ಟಿದೆ. ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ನಮ್ಮ ಆಹಾರ ಕಾಯ್ದೆಯಲ್ಲಿ ಇಲ್ಲ. 2024ರ ಏಪ್ರಿಲಿನಲ್ಲಿ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಆ ಹೆಸರಿನಡಿ ಇವನ್ನು ಮಾರಬೇಡಿ ಎಂದಿತು. ಡಬ್ಬದ ಹಿಂದೆ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ತೂಕ ಇರುವುದು ಮೊದಲು ಬರಬೇಕೆಂಬ ನಿಯಮ ಇದೆ. ಸಕ್ಕರೆ ಎಷ್ಟನೇ ಸ್ಥಾನದಲ್ಲಿದೆ ನೋಡಿ, ಸಾಕು. ನಾವು ಒಂದೇ ದಿನ ನಿಲ್ಲಿಸಲಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆವು. ಆರನೇ ವಾರಕ್ಕೆ ಬರಿ ಹಾಲು. ಅವನು ಕೇಳಲೂ ಇಲ್ಲ.

ಚಿಕ್ಕಂದಿನ ಸಕ್ಕರೆ ಅಷ್ಟು ದೂರ ಹೋಗುತ್ತದೆಯೇ ಎಂದು ಅನುಮಾನ ಇರುವವರಿಗೆ ಬ್ರಿಟನ್ನಿನ ಕಥೆ ಹೇಳಬೇಕು. ಯುದ್ಧ ಕಾಲದಲ್ಲಿ ಶುರುವಾದ ಸಕ್ಕರೆ ರೇಷನ್ ಅಲ್ಲಿ ಮುಗಿದಿದ್ದು 1953ರ ಸೆಪ್ಟೆಂಬರಿನಲ್ಲಿ. ಆ ಗೆರೆಯ ಆಚೆ ಈಚೆ ಹುಟ್ಟಿದವರನ್ನು ವಯಸ್ಸಾದ ಮೇಲೆ ಹೋಲಿಸಿದ ಅಧ್ಯಯನ 2024ರಲ್ಲಿ ಬಂತು. ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ ರೇಷನ್ ಸಕ್ಕರೆಯಲ್ಲೇ ಕಳೆದವರಿಗೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ 35, ರಕ್ತದೊತ್ತಡದ ಅಪಾಯ ಶೇ 20ರಷ್ಟು ಕಡಿಮೆ. ಅವರೇನೂ ಪಥ್ಯ ಮಾಡಿದವರಲ್ಲ. ಸಕ್ಕರೆ ಸಿಗಲಿಲ್ಲ, ಅಷ್ಟೇ.

ಹೆಜ್ಜೆ 4: ಡಬ್ಬಿ

ಪುಣೆಯ ಶಾಲೆಗಳಲ್ಲಿ ಸಾಮಾನ್ಯವಾಗಿ ಎರಡು ಬಿಡುವು, ಎರಡು ಡಬ್ಬಿ. ಬೆಳಿಗ್ಗೆ ಆರೂವರೆಗೆ ಎರಡು ಡಬ್ಬಿ ತುಂಬುವ ತಾಯಿಗೆ ಉಪದೇಶ ಮಾಡುವವರ ಮೇಲೆ ನನಗೆ ನಂಬಿಕೆಯಿಲ್ಲ. ಹಾಗಾಗಿ ಒಂದೇ ಮಾತು. ಪ್ರತಿ ಡಬ್ಬಿಯಲ್ಲಿ ಕಾಳು, ಬೇಳೆ, ಶೇಂಗಾ, ಮೊಸರು, ಮೊಟ್ಟೆ ಇವುಗಳಲ್ಲಿ ಒಂದಾದರೂ ಇರಲಿ. ಮಾಂಸಖಂಡ ಕಟ್ಟುವುದು ಇವು. ನಮ್ಮ ಡಬ್ಬಿಗಳಲ್ಲಿ ಇಲ್ಲದ್ದೂ ಇವೇ. ಪೂರಿ-ಆಲೂ, ಬ್ರೆಡ್-ಜಾಮ್, ಬಿಸ್ಕೀಟು, ಬರಿ ಅವಲಕ್ಕಿ ಎಲ್ಲ ಪಿಷ್ಟದ ಮೇಲೆ ಪಿಷ್ಟ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಅನುಕೂಲ. ಇಲ್ಲಿನ ಭಾಕರಿ ನಮ್ಮ ಜೋಳದ ರೊಟ್ಟಿಯೇ, ಮಟಕಿ ನಮ್ಮ ಮಡಿಕೆಕಾಳೇ, ಝುಣಕಾ ನಮ್ಮ ಜುಣಕವೇ. ಮೊಳಕೆ ಬರಿಸಿದ ಮಡಿಕೆಕಾಳು ಯಾವ ಭಾಜಿ ಮಂಡಯಿಯಲ್ಲೂ (ತರಕಾರಿ ಮಾರುಕಟ್ಟೆ) ಸಿಗುತ್ತದೆ. ರಾತ್ರಿಯೇ ಒಗ್ಗರಣೆ ಹಾಕಿಟ್ಟರೆ ಬೆಳಿಗ್ಗೆ ಚಪಾತಿಯೊಳಗೆ ಸುತ್ತಿ ಕೊಡಬಹುದು. ಮೆಂತ್ಯಸೊಪ್ಪಿನ ಥಾಲಿಪೀಠ, ಜುಣಕದ ವಡಿ, ಶೇಂಗಾ ಬಟಾಣಿ ಜಾಸ್ತಿ ಹಾಕಿದ ಪೋಹೆ, ಮೊಸರು ಕಲಸಿ ಮೇಲೆ ಕ್ಯಾರೆಟ್ ತುರಿದ ಅನ್ನ. ಚಳಿಗಾಲದಲ್ಲಿ ಹುರಡಾ ಪಾರ್ಟಿಗೆ ಕರೆದುಕೊಂಡು ಹೋಗಿ, ನಮ್ಮ ಸೀತನಿಯೇ (ಸುಟ್ಟ ಎಳೆ ಜೋಳದ ಕಾಳು) ಅದು. ನನ್ನ ಮಗ ಚಿಪ್ಸು ಮರೆತು ತಿಂದ.

ಒಂದು ಪಿಸುಮಾತು. ಉಪವಾಸದ ಸಾಬುದಾಣೆ (ಸಬ್ಬಕ್ಕಿ) ಖಿಚಡಿ ಹಗುರ ಎಂದು ಇಲ್ಲಿ ನಂಬಿಕೆ. ಸಾಬುದಾಣೆ ಪೂರ್ತಿ ಪಿಷ್ಟ. ಅದರ ಮಾನ ಉಳಿಸುವುದು ಶೇಂಗಾಪುಡಿ. ಹಬ್ಬಕ್ಕೆ ಇರಲಿ, ವಾರದ ಡಬ್ಬಿಗೆ ಬೇಡ.

ಹೆಜ್ಜೆ 5: ‘ಸಾಕು’ ಎಂದರೆ ಸಾಕು

ಇದು ಕಷ್ಟದ್ದು. ನನಗೆ ಮೂರು ತಿಂಗಳು ಹಿಡಿಯಿತು.

ಹುಟ್ಟಿದ ಕೂಸಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ, ಮೊಲೆ ಬಿಟ್ಟು ಮುಖ ತಿರುಗಿಸುತ್ತದೆ. ಆ ಅರಿವನ್ನು ಕೆಡಿಸುವವರು ನಾವು. ‘ಅಪ್ಪಂದೊಂದು, ಅಜ್ಜಿದೊಂದು, ಕಾಗೆದೊಂದು’ ಎಂದು ಹತ್ತು ತುತ್ತು ಮೇಲೆ ತುರುಕಿದರೆ ಮಗು ಹೊಟ್ಟೆಯ ಮಾತು ಕೇಳುವುದನ್ನು ಬಿಡುತ್ತದೆ. ಪರದೆ ನೋಡುತ್ತ ತಿನ್ನುವ ಮಗುವಿಗೆ ಆ ಮಾತು ಕೇಳಿಸುವುದೂ ಇಲ್ಲ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಇದಕ್ಕೊಂದು ಕೆಲಸದ ಹಂಚಿಕೆ ಹೇಳಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರದ್ದು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನದ್ದು. ಕೇಳಲು ಸುಲಭ. ಮೊದಲ ದಿನ ನನ್ನ ಮಗ ಎರಡು ತುತ್ತು ತಿಂದು ಎದ್ದ. ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಒಂದು ತಾಸಿಗೆ ‘ಬಿಸ್ಕೀಟ್ ಕೊಡು’ ಎಂದು ಬಂದ. ಸಂಜೆಗೆ ರೊಟ್ಟಿ ಇದೆ ಎಂದೆ. ಅತ್ತ. ಅತ್ತೆ ಸೆರಗಿನ ಕೆಳಗೆ ಒಂದು ಬಿಸ್ಕೀಟ್ ಕೊಟ್ಟೇ ಬಿಟ್ಟರು, ನಾನು ನೋಡದ ಹಾಗೆ ಮಾಡಿದೆ.

ಆಮೇಲೆ ಅತ್ತೆಗೆ ಕೆಲಸ ಬದಲಿಸಿದೆ. ‘ನೀವು ಉಣಿಸಬೇಡಿ, ಅವನ ಜೊತೆ ಕೂತು ಉಣ್ಣಿ’ ಎಂದೆ. ಅದು ಫಲಿಸಿತು. ಅಜ್ಜಿ ಬದನೆಕಾಯಿ ಚಪ್ಪರಿಸುವುದನ್ನು ದಿನಾ ನೋಡಿ ನೋಡಿ, ಒಂದು ದಿನ ತಾನೇ ಕೈ ಹಾಕಿದ. ಹೊಸ ಪಲ್ಲೆಯೊಂದನ್ನು ಮಗು ಒಪ್ಪಲು ಹತ್ತು, ಹದಿನೈದು ಸಲ ತಟ್ಟೆಯಲ್ಲಿ ಕಾಣಬೇಕಾದೀತು. ನಾವು ಎರಡು ಸಲ ನೋಡಿ ‘ಅವನಿಗೆ ಅದು ಸೇರಲ್ಲ’ ಎಂದು ಬರೆದು ಹಾಕಿಬಿಡುತ್ತೇವೆ, ಅಲ್ವಾ? ತಿಂದರೆ ಚಾಕೊಲೇಟ್ ಎಂಬ ಲಂಚವೂ ಬೇಡ. ಪಲ್ಲೆ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದು ನಾವೇ ಕಲಿಸಿದಂತೆ.

ಹೆಜ್ಜೆ 6: ಹೊತ್ತು

ರಾತ್ರಿ ಹತ್ತಕ್ಕೆ ಉಂಡ ಮಗು ಬೆಳಿಗ್ಗೆ ಆರಕ್ಕೆ ಏನು ತಿಂದೀತು? ಆಸ್ಟ್ರೇಲಿಯಾದಲ್ಲಿ 1985ರಲ್ಲಿ ಪರೀಕ್ಷಿಸಿದ ಶಾಲೆ ಮಕ್ಕಳನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ಹುಡುಕಿದರು. ಆಗಲೂ ಈಗಲೂ ಬೆಳಗಿನ ತಿಂಡಿ ಬಿಡುವವರಿಗೆ ಸೊಂಟ ದಪ್ಪ, ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಹೆಚ್ಚು, ಕೆಟ್ಟ ಕೊಲೆಸ್ಟರಾಲೂ ಹೆಚ್ಚು. ತಿಂಡಿ ಬಿಟ್ಟಿದ್ದರಿಂದಲೇ ಹೀಗಾಯಿತು ಎಂದು ಹೇಳಲಾಗದು, ಉಳಿದ ಅಭ್ಯಾಸಗಳೂ ಜೊತೆಗಿರುತ್ತವೆ. ಆದರೂ ರಾತ್ರಿ ಊಟ ಎಂಟರೊಳಗೆ ತಂದರೆ ಬೆಳಿಗ್ಗೆ ಹಸಿವು ತಾನಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಎಂಟೂವರೆ ಆಗುತ್ತದೆ. ಹಿಂಜೆವಾಡಿ ಟ್ರಾಫಿಕ್ ದಾಟಿ ಬರುವ ಅಪ್ಪನಿಗೆ ಕಾಯುವುದನ್ನು ಬಿಟ್ಟಿದ್ದೇವೆ.

ಹೆಜ್ಜೆ 7: ಡಾಕ್ಟರನ್ನು ಕೇಳಬೇಕಾದ್ದು

ಮೂರು ವರ್ಷದ ನಂತರ ವರ್ಷಕ್ಕೊಮ್ಮೆ ಮಗುವಿನ ಬಿಪಿ ನೋಡಲು ಕೇಳಿ. ಮಕ್ಕಳ ತೋಳಿಗೆ ಚಿಕ್ಕ ಪಟ್ಟಿ ಬೇರೆಯೇ ಇರುತ್ತದೆ. 9ರಿಂದ 11 ವರ್ಷದೊಳಗೆ ಒಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ ಎನ್ನುತ್ತಾರೆ ಅಮೆರಿಕದ ತಜ್ಞರು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅದನ್ನು ನೀವಾಗಿಯೇ ಹೇಳಿ, ಇನ್ನೂ ಬೇಗ ನೋಡಬೇಕಾದೀತು. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಕಡಲೆಹಿಟ್ಟು ಹಚ್ಚಿ ತಿಕ್ಕಬೇಡಿ. ಅದು ಕೊಳೆಯಲ್ಲ. ಮೈ ಇನ್ಸುಲಿನ್ನಿಗೆ ಸರಿಯಾಗಿ ಒಗ್ಗುತ್ತಿಲ್ಲ ಎಂಬ ಗುರುತಿರಬಹುದು, ತೋರಿಸಿ. ಶುದ್ಧ ಸಸ್ಯಾಹಾರಿಗಳಾದರೆ ಬಿ12 ವಿಟಮಿನ್ ಬಗ್ಗೆಯೂ ಕೇಳಿ, ಹಾಲು-ಮೊಸರು ಬಿಡಿಸಬೇಡಿ. ಮಗುವನ್ನು ‘ಡಯಟ್’ ಮೇಲೆ ಇಡುವುದು ಮಾತ್ರ ನಿಮ್ಮಷ್ಟಕ್ಕೆ ನೀವೇ ಮಾಡುವ ಕೆಲಸವಲ್ಲ. ಬೆಳೆಯುವ ಮಗುವಿನ ತೂಕ ಹೆಚ್ಚಿನ ಸಲ ಇಳಿಯಬೇಕಿಲ್ಲ, ಎತ್ತರ ಏರುವವರೆಗೆ ಅಲ್ಲೇ ನಿಂತರೆ ಸಾಕು.

ದಾರದ ಪರೀಕ್ಷೆ ಆರು ತಿಂಗಳಿಗೊಮ್ಮೆ ಮಾಡಿ. ಹೊಸ ದಾರ ಕತ್ತರಿಸಬೇಕು, ಎತ್ತರ ಬದಲಾಗಿರುತ್ತದೆ. ನಮ್ಮ ಮನೆಯಲ್ಲಿ ಹುಟ್ಟುಹಬ್ಬಕ್ಕೆ ಒಮ್ಮೆ, ದೀಪಾವಳಿಗೆ ಒಮ್ಮೆ. ಈ ಸಲ ಮಗನ ದಾರ ಎರಡು ಬೆರಳು ಉಳಿಯಿತು. ‘ಅಪ್ಪಾ, ನಿಂದು?’ ಎಂದ. ಅವರದ್ದೂ ಕತ್ತರಿಸಿದೆವು. ಮೂರು ಬೆರಳು ಸಾಲಲಿಲ್ಲ. ಬಾಕರವಡಿ ಡಬ್ಬ ಈಗ ಮೇಲಿನ ಕಪಾಟಿನಲ್ಲಿದೆ. ಆದರೆ ಅವರು ನನಗಿಂತ ಎತ್ತರ.