ಚಿಕಾಗೋಗೆ ಬಂದವರು ಮಿಲ್ವಾಕಿಗೂ ಒಂದು ದಿನ ಹೋಗಿ ಬನ್ನಿ

ಅಪ್ಪ-ಅಮ್ಮ ಊರಿಂದ ಚಿಕಾಗೋಗೆ ಬಂದಿದ್ದಾರಾ? ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರ ತೋರಿಸೋಕೆ ಕಾರೂ ಬೇಕಿಲ್ಲ. ಯೂನಿಯನ್ ಸ್ಟೇಷನ್‌ನಲ್ಲಿ ಆಮ್‌ಟ್ರಾಕ್‌ನ ಹಿಯಾವಥಾ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆ.

ಮಧ್ಯಾಹ್ನ 12ಕ್ಕೆ ಸರಿಯಾಗಿ ಮಿಶಿಗನ್ ಸರೋವರದ ದಂಡೆಯ ಆರ್ಟ್ ಮ್ಯೂಸಿಯಂ ಎದುರಿನ ಸೇತುವೆ ಮೇಲೆ ನಿಂತಿರಿ. ಸ್ಪೇನ್‌ನ ವಾಸ್ತುಶಿಲ್ಪಿ ಕಲಾತ್ರಾವಾ ವಿನ್ಯಾಸ ಮಾಡಿದ, 2001ರಲ್ಲಿ ತೆರೆದ ಕಟ್ಟಡ ಅದು. ನೆತ್ತಿಯ ಮೇಲಿನ 217 ಅಡಿ ಅಗಲದ ಬಿಳಿ ರೆಕ್ಕೆಗಳು ಕೊಕ್ಕರೆಯ ಹಾಗೆ ನಿಧಾನಕ್ಕೆ ಮಡಚಿ ಮತ್ತೆ ಬಿಚ್ಚಿಕೊಳ್ಳುತ್ತವೆ. ಹೊರಗೆ ನಿಂತು ನೋಡೋಕೆ ಟಿಕೆಟ್ ಬೇಡ. ಆದರೆ ಗಾಳಿ ಜೋರಿದ್ದರೆ ರೆಕ್ಕೆ ಬಿಚ್ಚೋದೇ ಇಲ್ಲ. ನಮ್ಮಮ್ಮನಿಗೆ ಅದು ಕಂಡಿದ್ದು ಎರಡನೇ ಸಲ ಹೋದಾಗ! ಮ್ಯೂಸಿಯಂ ರಜೆ ದಿನ ಮೊದಲೇ ನೋಡಿಕೊಳ್ಳಿ.

ಹೊಟ್ಟೆ ತುಂಬಿಸಿಕೊಳ್ಳೋಕೆ ಥರ್ಡ್ ವಾರ್ಡ್ ಬಡಾವಣೆಯ ಪಬ್ಲಿಕ್ ಮಾರ್ಕೆಟ್. ಅಲ್ಲಿ ಚೀಸ್ ಕರ್ಡ್ಸ್ ತಿನ್ನಿ. ಮೊಸರಲ್ಲ ಮತ್ತೆ, ಚೀಸಿನ ಪುಟ್ಟ ತುಂಡುಗಳು. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಾಗ ಕೀಚ್ ಕೀಚ್ ಅನ್ನುತ್ತವೆ. ಕಟ್ಟಾ ಸಸ್ಯಾಹಾರಿಗಳು ರೆನೆಟ್ (ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸೋಕೆ ಹಾಕೋದು) ಯಾವುದು ಅಂತ ಕೇಳಿಯೇ ಕೊಳ್ಳಿ, ಕೆಲವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದದ್ದು ಹಾಕಿರ್ತಾರೆ.

ಜೂನ್ ಆದರೂ ಸ್ವೆಟರ್ ಇರಲಿ. ಸರೋವರದ ಕಡೆಯಿಂದ ಗಾಳಿ ತಿರುಗಿದರೆ ದಂಡೆಯಲ್ಲಿ ಥಟ್ಟನೆ ಚಳಿ ಹಿಡಿಯುತ್ತೆ.